ಒಳಗಿನ ಮುಚ್ಚಳ

ಹತ್ತು ನಿಮಿಷ. ಏನೇ ಆದರೂ ಏಳಬಾರದು. ಅದು ಆ ಭವನದ ಕಟ್ಟಳೆ.

ಪ್ರತಿ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಸಭೆ. ಮೊದಲು ಗುರುಗಳ ಮಾತು, ಆಮೇಲೆ ಮೌನ. ಗಂಟೆ ಒಂದು ಸಲ ಹೊಡೆದರೆ ಕಣ್ಣು ಮುಚ್ಚಬೇಕು, ಮತ್ತೆ ಹೊಡೆಯುವ ತನಕ ತೆರೆಯಬಾರದು. ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತುವ ಹಾಗಿಲ್ಲ. ಕೆಮ್ಮು ಬಂದರೆ ನುಂಗಬೇಕು. "ಹತ್ತು ನಿಮಿಷ ಕೂರೋಕಾಗದವನು ಬದುಕಲ್ಲಿ ಯಾವುದಕ್ಕೆ ನಿಲ್ತಾನೆ ಬಂಧುಗಳೇ?" ಎಂದು ಗುರುಗಳು ಕೇಳುತ್ತಿದ್ದರು. ಒಮ್ಮೆ ಒಬ್ಬ ಬಂಧುವಿನ ಕಾಲ ಮೇಲೆ ಕುದಿಯುವ ಟೀ ಚೆಲ್ಲಿತಂತೆ, ಆತ ಅಲುಗಲಿಲ್ಲವಂತೆ. ವರ್ಷಕ್ಕೆ ನಾಲ್ಕು ಸಲವಾದರೂ ಆ ಕಥೆ ಬರುತ್ತಿತ್ತು. ಬೆಂದ ಕಾಲು ಆಮೇಲೆ ಏನಾಯಿತು ಅಂತ ಮಾತ್ರ ಯಾರೂ ಕೇಳಿದ್ದಿಲ್ಲ.

ಅಲ್ಲಿ ಎಲ್ಲರೂ ಬಂಧುಗಳು. ಡಾಕ್ಟರು ಡಾಕ್ಟರ್ ಬಂಧು, ಅಂಗಡಿಯವನು ಅಂಗಡಿ ಬಂಧು. ಅವಳೊಬ್ಬಳು ಮಾತ್ರ ಒರೆಸೋಳು. "ಏ ಒರೆಸೋಳೆ, ಇಲ್ಲೊಂಚೂರು ನೀರು ಬಿದ್ದಿದೆ ನೋಡು." ಅಷ್ಟೇ ಅವಳ ಹೆಸರು.

ಒರೆಸೋಳ ಕೆಲಸ ಏನು ಅಂತೀರಾ? ಬೆಳಗ್ಗೆ ಆರಕ್ಕೆ ನೆಲ ಗುಡಿಸುವುದು, ಒರೆಸುವುದು. ಕೋಲಿಗೆ ಬಟ್ಟೆ ಕಟ್ಟಿ ಒರೆಸಿದರೆ ಮೂಲೆಯ ಕೊಳೆ ಹೋಗಲ್ಲ ಅಂತ ಮೇನೇಜರಿನ ತಕರಾರು. ಹಾಗಾಗಿ ಮಂಡಿಯೂರಿ, ಬಟ್ಟೆ ಹಿಂಡಿ, ಈ ಗೋಡೆಯಿಂದ ಆ ಗೋಡೆಗೆ. ಮಂಡಿಯ ಚರ್ಮ ಚಪ್ಪಲಿ ತಳದ ಹಾಗೆ ಗಟ್ಟಿಯಾಗಿತ್ತು. ಆಮೇಲೆ ನೂರಿಪ್ಪತ್ತು ದಿಂಬುಗಳನ್ನು ಕೊಡವಿ ಸಾಲಾಗಿ ಇಡುವುದು. ಆಮೇಲೆ ನಾಲ್ಕು ಕಕ್ಕಸು. ಸಭೆ ಶುರುವಾದ ಮೇಲೆ ಹಿಂದುಗಡೆ ಚಪ್ಪಲಿ ಬಿಡುವ ಜಾಗದಲ್ಲಿ ಕೂತು, ಬಂಧುಗಳ ಚಪ್ಪಲಿ, ಬೂಟುಗಳನ್ನು ಜೋಡಿ ಮಾಡಿ ಸ್ಟ್ಯಾಂಡಿನಲ್ಲಿ ಇಡುವುದು. ಎಂಟು ವರ್ಷ ಹೀಗೇ. ಆ ನೂರಿಪ್ಪತ್ತು ದಿಂಬುಗಳಲ್ಲಿ ಒಂದರ ಮೇಲೂ ಅವಳು ಕೂತಿರಲಿಲ್ಲ.

ಆದರೂ ನಂಬಿದ್ದಳು. ಸುಳ್ಳು ಯಾಕೆ ಹೇಳಬೇಕು? ಗುರುಗಳು ಹೇಳುವುದೆಲ್ಲ ಚಪ್ಪಲಿ ಜಾಗಕ್ಕೂ ಕೇಳಿಸುತ್ತಿತ್ತು. "ನಾವೆಲ್ಲ ಒಂದೇ ದೇಹ. ಕಾಲಿಗೆ ಮುಳ್ಳು ಚುಚ್ಚಿದರೆ ಕಣ್ಣಲ್ಲಿ ನೀರು ಬರುತ್ತೆ. ಅದೇ ಬಳಗ." ಚಪ್ಪಲಿ ಜೋಡಿ ಮಾಡುತ್ತಲೇ ಆ ಮಾತನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ಮನೆಗೆ ಹೋಗಿ ಗಂಡನಿಗೆ ಹೇಳುತ್ತಿದ್ದಳು. ಅವನು ಬೀಡಿ ಹಚ್ಚಿಕೊಂಡು, "ಹಂಗಾದ್ರೆ ನಾವು ಆ ದೇಹದಲ್ಲಿ ಯಾವ ಭಾಗ ಅಂತ ಕೇಳ್ಕೊಂಡು ಬಾ. ನನಗೇನೋ ಅನುಮಾನ ಇದೆ" ಎಂದು ನಗುತ್ತಿದ್ದ.

ಅವನ ಕೆಲಸ ಗುಂಡಿ. ಕಕ್ಕಸಿನ ಗುಂಡಿ, ಮೋರಿ, ಕಟ್ಟಿಕೊಂಡ ಪೈಪು. ಹೆಗಲ ಮೇಲೆ ಯಾವಾಗಲೂ ಒಂದು ಕಬ್ಬಿಣದ ಸಲಾಕೆ. ಜನ ಅವನನ್ನೂ ಸಲಾಕೆ ಅಂತಲೇ ಕರೆಯುತ್ತಿದ್ದರು. ಅವನಪ್ಪನದೂ ಅದೇ ಕೆಲಸ, ಅದೇ ಸಲಾಕೆ. ಭವನದ ಹಿಂದಿನ ರೂಮಿನಲ್ಲಿ ಗಂಡ, ಹೆಂಡತಿ, ಅತ್ತೆ ಮೂರು ಜನ. ಬಾಡಿಗೆ ಇಲ್ಲ. ಅದರ ಬದಲಿಗೆ ಭವನದ ಗುಂಡಿ ಅವನ ಪಾಲು, ನೆಲ ಅವಳ ಪಾಲು.

ಗುಂಡಿಗೆ ಇಳಿದವನು ಬಾಯಿ ಬಿಡುವುದಿಲ್ಲ. ಮೂಗು ಬಾಯಿಗೆ ಬಟ್ಟೆ ಬಿಗಿದಿರುತ್ತೆ, ಬಿಚ್ಚಿ ಕೂಗಿದರೆ ಒಳಗೆ ಹೋಗುವುದು ಗಾಳಿಯಲ್ಲ. ಅದಕ್ಕೇ ಬಡಿತದ ಲೆಕ್ಕ. ಸಲಾಕೆಯಿಂದ ಒಂದು ಬಡಿದರೆ, ಬಕೀಟು ಬಿಡು. ಎರಡು ಬಡಿದರೆ, ತುಂಬಿದೆ, ಎಳಿ. ಮೂರು ಬಡಿದರೆ ನನ್ನನ್ನೇ ಎಳಿ. ಯಾಕೆ ಅಂತ ಕೇಳಬೇಡ, ಯೋಚನೆ ಮಾಡಬೇಡ, ಎಳಿ. ಮೇಲೆ ಹಗ್ಗ ಹಿಡಿಯುವುದು ಹೆಂಡತಿಯ ಕೆಲಸ. ಅತ್ತೆ ಮೂವತ್ತು ವರ್ಷ ಮಾವನ ಹಗ್ಗ ಹಿಡಿದವಳು. ಮದುವೆಯಾಗಿ ಬಂದ ಮೊದಲ ವಾರವೇ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ಒನಕೆಯಲ್ಲಿ ನೆಲ ಕುಟ್ಟಿ ಕಲಿಸಿದ್ದಳು. "ಒಲೆ ಮೇಲೆ ಹಾಲು ಉಕ್ಕಲಿ, ಮನೆಗೆ ಬೆಂಕಿ ಬೀಳಲಿ. ಮೂರು ಅಂದ್ರೆ ಕೈ ತಾನೇ ಎಳೀಬೇಕು ಕಣೇ. ತಲೆಗೆ ಗೊತ್ತಾಗೋಕೂ ಮುಂಚೆ."

ಅತ್ತೆಗೆ ಈಗ ಕಣ್ಣು ಮಂಜು. ಕಿವಿ ಮಾತ್ರ ಚುರುಕು.

ಸಲಾಕೆ ಸತ್ತು ಭಾನುವಾರಕ್ಕೆ ಒಂದು ವರ್ಷ ಅನ್ನುವಾಗ, ಗುರುವಾರ ಮಧ್ಯಾಹ್ನ ಮೇನೇಜರ್ ರೂಮಿನ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. ಕೈಯಲ್ಲಿ ಮಡಿಸಿದ ಕಾಗದ.

"ಓದೋಕೆ ಬರುತ್ತಾ?"

"ಕೂಡಿಸ್ಕೊಂಡು ಓದ್ತೀನಿ ಸಾರ್."

"ಓದೋದು ಬೇಡ, ಬಾಯಿಪಾಠ ಮಾಡ್ಕೋ. ಭಾನುವಾರ ಗುರುಗಳು ನಿನ್ನ ಗಂಡನ ಬಗ್ಗೆ ಮಾತಾಡ್ತಾರೆ. ಸೇವಾನಿಷ್ಠೆ ಅಂತ ವಿಷಯ. ಆಮೇಲೆ ನಿನ್ನ ಕರೀತಾರೆ. ನಾಕೇ ಸಾಲು. ನಾನು ಹೇಳ್ತೀನಿ, ನೀನು ಹಿಂದೆ ಹೇಳು."

ಅವಳು ಹೇಳಿದಳು. 'ನಮ್ಮ ಯಜಮಾನರು ಸೇವೆ ಮಾಡುತ್ತಲೇ ದೇಹ ಬಿಟ್ಟರು. ಅವರಿಗೆ ನೋವಾಗಲಿಲ್ಲ. ಅವರು ಯಾರನ್ನೂ ಕರೆಯಲಿಲ್ಲ. ಈ ಬಳಗವೇ ನನಗೆ ಮನೆ.'

"ಹಾಂ, ಇನ್ನೊಂಚೂರು ಗಟ್ಟಿಯಾಗಿ. ಅಳು ಬಂದ್ರೆ ಅಳು, ತೊಂದರೆ ಇಲ್ಲ." ಕಾಗದ ಕೊಟ್ಟು, ರೂಮಿನ ಸೂರು ನೋಡಿದ. "ಈ ರೂಮು ನಿಂದೇ ಅಂತ ಗುರುಗಳು ಹೇಳಿದಾರೆ. ಬಾಯ್ಮಾತಲ್ಲಿ ಹೇಳಿರೋದು. ಭಾನುವಾರ ಒಂದು ಮುಗೀಲಿ, ಬರೆದುಕೊಡ್ತಾರೆ. ಗುಂಡಿ ಕೆಲಸಕ್ಕೆ ಹೊಸಬ ಬಂದ್ರೆ ಅವನಿಗೂ ರೂಮು ಬೇಕಲ್ವಾ? ನಿಮ್ಮತ್ತೆ ಬೇರೆ ವಯಸ್ಸಾದೋರು. ಅರ್ಥ ಆಯ್ತಲ್ಲ?"

ಅರ್ಥ ಆಗದೆ ಏನು? ಕತ್ತು ಹಿಡಿದು ಹೇಳಿದರೂ ಅಷ್ಟು ಚೆನ್ನಾಗಿ ಅರ್ಥವಾಗುತ್ತಿರಲಿಲ್ಲ.

ಅವನು ಹೋದ ಮೇಲೆ ಒಳಗಿನಿಂದ ಅತ್ತೆ ಕೇಳಿದಳು. "ಏನಂತೆ?"

"ಭಾನುವಾರ ಇವರ ನೆನಪಲ್ಲಿ ಸಭೆಯಂತೆ ಅತ್ತೆ."

ಆಮೇಲೆ ಅದೇ ಪ್ರಶ್ನೆ. ವರ್ಷದಿಂದ ಕೇಳುತ್ತಿರುವ ಪ್ರಶ್ನೆ. ಉಣ್ಣುವಾಗ, ತಲೆ ಬಾಚುವಾಗ, ಏನೂ ಇಲ್ಲದೆ ಕೂತಿರುವಾಗ.

"ಅವನು ಬಡೀಲಿಲ್ವೇನೇ?"

"ಇಲ್ಲ ಅತ್ತೆ. ಎದೆ ನಿಂತುಹೋಯ್ತು. ಬಡಿಯೋಕೆ ಪುರುಸೊತ್ತೇ ಸಿಗಲಿಲ್ಲ."

"ಹೂಂ. ಬಡಿದಿದ್ರೆ ನೀನು ಎಳೀತಿದ್ದೆ."

ಈ ಮಾತು ಕೇಳಿದಾಗಲೆಲ್ಲ ಅವಳ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು.

ಏನಾಗಿತ್ತು ಅಂತ ಹೇಳುತ್ತೇನೆ, ಕೇಳಿ. ಮುಚ್ಚಿಟ್ಟುಕೊಂಡು ಯಾರನ್ನು ಉದ್ಧಾರ ಮಾಡಬೇಕು?

ಅವತ್ತು ಹತ್ತು ಊರುಗಳ ಬಂಧುಗಳು ಬರುವವರಿದ್ದರು. ಭವನಕ್ಕೆ ಹೊಸ ಸುಣ್ಣ ಬಣ್ಣ, ಹೊಸ ಜಮಖಾನ. ಎಂಟೂವರೆಗೆ ಕಕ್ಕಸಿನ ನೀರು ಉಕ್ಕಿ ಮೇಲೆ ಬಂತು. ಮೇನೇಜರ್ ತಲೆ ಮೇಲೆ ಕೈ ಹೊತ್ತು ಓಡಿಬಂದ. ಅತ್ತೆ ಊರಲ್ಲಿರಲಿಲ್ಲ, ಮಗಳ ಬಾಣಂತನಕ್ಕೆ ಹೋಗಿದ್ದಳು.

ಆ ಗುಂಡಿಗೆ ಎರಡು ಮುಚ್ಚಳ. ಒಂದು ಹಿತ್ತಲಲ್ಲಿ. ಭವನವನ್ನು ಹಿಂದಕ್ಕೆ ಬೆಳೆಸಿ ಕಟ್ಟಿದಾಗ ಅರ್ಧ ಗುಂಡಿ ಭವನದ ಅಡಿಗೇ ಬಂದಿತ್ತು. ಎರಡನೇ ಮುಚ್ಚಳ ಒಳಗೆ, ಚಪ್ಪಲಿ ಬಿಡುವ ಜಾಗದಲ್ಲಿ. ಇಳಿಯುವ ಮೊದಲು ಎರಡನ್ನೂ ತೆಗೆದು ಅರ್ಧ ದಿನ ಬಿಡಬೇಕು, ಕೆಟ್ಟ ಗಾಳಿ ಹೋಗಬೇಕು. ಅವನಪ್ಪ ಕಲಿಸಿದ್ದು ಅದು.

"ಒಳಗಿನ ಮುಚ್ಚಳ ತೆಗೀಬೇಕು ಸಾರ್" ಅಂದ ಸಲಾಕೆ.

"ತಲೆ ಕೆಟ್ಟಿದ್ಯಾ? ಅದರ ಮೇಲೆ ಹೊಸ ಜಮಖಾನ ಹಾಸಿ ಚಪ್ಪಲಿ ಸ್ಟ್ಯಾಂಡ್ ಇಟ್ಟಿದೀನಿ. ಇನ್ನರ್ಧ ಗಂಟೇಲಿ ಜನ ಬರ್ತಾರೆ. ನಾತ ಹೊಡೆದ್ರೆ ಮುಖ ಎಲ್ಲಿ ಇಟ್ಕೊಳ್ಳಿ?"

"ಗಾಳಿ ಆಡದೆ ಇಳಿಯೋಕಾಗಲ್ಲ ಸಾರ್."

"ನಂಬಿಕೆ ಇಡಪ್ಪ. ದೇವರ ಮನೆ ಗುಂಡಿ ಇದು. ಇಲ್ಲಿ ಸೇವೆ ಮಾಡೋನಿಗೆ ಏನಾಗುತ್ತೆ?"

ಸಲಾಕೆ ಹೆಂಡತಿಯ ಮುಖ ನೋಡಿದ. ಅವಳು, ನಂಬಿದವಳು, ತಲೆಯಾಡಿಸಿದಳು. ಅದನ್ನೂ ಬರೆದುಕೊಳ್ಳಿ.

ಅವನು ಇಳಿದ. ಅವಳು ಹಗ್ಗ ಹಿಡಿದಳು. ಎರಡು ಬಕೀಟು ಎಳೆದಾಗಿತ್ತು. ಒಳಗೆ ಸಭೆ ಶುರುವಾಗಿತ್ತು. ಅಷ್ಟರಲ್ಲಿ ಮೇನೇಜರ್ ಮತ್ತೆ ಬಂದ, ಈ ಸಲ ಹಲ್ಲುಗಿಂಜುತ್ತ. "ಬಾ ಬಾ, ಗುರುಗಳು ಕರೀತಿದಾರೆ. ಇವತ್ತು ನಿನ್ನ ಮುಂದಿನ ಸಾಲಲ್ಲಿ ಕೂರಿಸಬೇಕಂತೆ. ನಮ್ಮಲ್ಲಿ ಭೇದ ಇಲ್ಲ ಅಂತ ಬಂದವರೆಲ್ಲ ನೋಡ್ಬೇಕು."

"ಹಗ್ಗ ಹಿಡಿದಿದೀನಿ ಸಾರ್."

"ನಲ್ಲಿ ಕಂಬಕ್ಕೆ ಕಟ್ಟು. ಹತ್ತು ನಿಮಿಷ ಅಷ್ಟೆ."

ಅವಳು ಗುಂಡಿಯೊಳಗೆ ಬಗ್ಗಿ ನೋಡಿದಳು. ಸಲಾಕೆ ಏಣಿಯ ಮೇಲಿನ ಮೆಟ್ಟಿಲಿಗೆ ಬಂದು, ಬಟ್ಟೆ ಸರಿಸಿ ಉಸಿರು ತೆಗೆದುಕೊಳ್ಳುತ್ತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಕಣ್ಣು ನಗುತ್ತಿತ್ತು.

"ಹೋಗೇ. ಎಂಟು ವರ್ಷ ಆ ದಿಂಬು ಕೊಡವಿದೀಯಾ. ಒಂದ್ಸಲ ಕೂತ್ಕೊಂಡು ಬಾ. ಒಳಗಿರೋದು ಹತ್ತಿಯೋ ಹುಲ್ಲೋ ನನಗೂ ಹೇಳು."

ಅವಳು ಹಗ್ಗವನ್ನು ನಲ್ಲಿ ಕಂಬಕ್ಕೆ ಸುತ್ತಿದಳು. ಕೈಕಾಲು ತೊಳೆದಳು. ಹೋದಳು.

"ಬಾ ತಾಯಿ" ಅಂದರು ಗುರುಗಳು. ಎಲ್ಲರೂ ನೋಡಿದರು. ಮೊದಲ ಸಾಲಿನಲ್ಲಿ ನಿವೃತ್ತ ಮೇಷ್ಟ್ರಮ್ಮ ಜರುಗಿ ಜಾಗ ಕೊಟ್ಟರು. ಅವಳು ದಿಂಬಿನ ಮೇಲೆ ಕೂತಳು. ಹತ್ತಿ. ಮೆತ್ತಗಿತ್ತು. ಅಯ್ಯೋ, ಎಷ್ಟು ಮೆತ್ತಗಿತ್ತು ಅಂದರೆ ಅವಳಿಗೆ ಅಳು ಬಂತು. ಗಂಟೆ ಹೊಡೆಯಿತು. ಎಲ್ಲರೂ ಕಣ್ಣು ಮುಚ್ಚಿದರು.

ಸ್ವಲ್ಪ ಹೊತ್ತಿಗೆ ಹಿಂದಿನಿಂದ, ನೆಲದಡಿಯಿಂದ, ಎರಡು ಬಡಿತ ಕೇಳಿಸಿತು. ಬಕೀಟು ತುಂಬಿದೆ. ಇರಲಿ, ಕಾಯಲಿ ಅಂದುಕೊಂಡಳು.

ಆಮೇಲೆ ಮೂರು.

ಕಬ್ಬಿಣದ ಮುಚ್ಚಳಕ್ಕೆ ಕಬ್ಬಿಣದ ಸಲಾಕೆ. ಕೇಳಿಸದೆ ಇರುವ ಸದ್ದಲ್ಲ ಅದು. ಅವಳ ಕೈ ತಾನಾಗಿ ಮುಷ್ಟಿ ಕಟ್ಟಿತು. ಅತ್ತೆ ಹೇಳಿದ ಹಾಗೆ ಕೈಗೆ ಗೊತ್ತಾಗಿತ್ತು. ತಲೆಯೇ ಅಡ್ಡ ಬಂತು. 'ಈಗ ಎದ್ದರೆ ಏನಂತಾರೆ? ಒಂದು ದಿನ ಕೂರಿಸಿದರೂ ಇವರಿಗೆ ಕೂರೋಕೆ ಬರಲ್ಲ ಅಂತಾರೆ. ಇಷ್ಟೂ ಜನರೆದುರು.' ಮತ್ತೆ ಮೂರು. ಪಕ್ಕದಲ್ಲಿ ಮೇಷ್ಟ್ರಮ್ಮನ ಉಸಿರು ಸಿಕ್ಕಿಕೊಂಡದ್ದು ಅವಳಿಗೆ ಕೇಳಿಸಿತು. ಯಾರೂ ಏಳಲಿಲ್ಲ. ನೂರಿಪ್ಪತ್ತು ಜನ. ದೇವರಾಣೆ, ಯಾರಾದರೂ ಒಬ್ಬರು ಎದ್ದಿದ್ದರೆ ಅವಳೂ ಏಳುತ್ತಿದ್ದಳು. ಅವರೂ ಅದನ್ನೇ ಅಂದುಕೊಂಡರೋ ಏನೋ. ಮತ್ತೆ ಮೂರು, ಬೇಗ ಬೇಗ. ಆಮೇಲೆ ಒಂದು. ಆಮೇಲೆ ಏನೂ ಇಲ್ಲ.

ಎರಡನೇ ಗಂಟೆ ಹೊಡೆದಾಗ ಅವಳು ಓಡಿದಳು. ಹಿತ್ತಲಿನ ಹಗ್ಗ ಬಿಗಿದುಕೊಂಡು ಒಳಗಿನ ಮುಚ್ಚಳದ ದಿಕ್ಕಿಗೆ ಹೋಗಿತ್ತು. ಭವನದಡಿಯ ಅರ್ಧದಲ್ಲಿ ಕೆಲಸ ಮಾಡುತ್ತಿದ್ದವನಿಗೆ ಹಿತ್ತಲ ಬಾಯಿ ದೂರವಾಗಿತ್ತು, ಹತ್ತಿರವಿದ್ದ ಗಾಳಿ ಹುಡುಕಿಕೊಂಡು ಅವನು ಅಲ್ಲಿಗೆ ಹೋಗಿ, ಕೆಳಗಿನಿಂದ ಮುಚ್ಚಳ ಎತ್ತಲು ನೋಡಿದ್ದ. ಮೇಲೆ ಜಮಖಾನ, ಜಮಖಾನದ ಮೇಲೆ ಸ್ಟ್ಯಾಂಡು, ಸ್ಟ್ಯಾಂಡಿನಲ್ಲಿ ನೂರಿಪ್ಪತ್ತು ಜೊತೆ ಚಪ್ಪಲಿ. ನಾಲ್ಕು ಜನ ಸೇರಿ ಹಿತ್ತಲ ಕಡೆಯಿಂದ ಅವನನ್ನು ಎಳೆದು ತೆಗೆದರು. ಅದೇ ನಲ್ಲಿಯ ಕೆಳಗೆ ತೊಳೆದರು. ಡಾಕ್ಟರ್ ಬಂಧು ಮೂಗಿಗೆ ಕರವಸ್ತ್ರ ಹಿಡಿದು ನೋಡಿ, ಹೃದಯ ನಿಂತಿದೆ ಅಂದರು. ನಿಂತಿತ್ತು, ಸುಳ್ಳೇನಲ್ಲ. ಯಾಕೆ ನಿಂತಿತು ಅಂತ ಅವರು ಹೇಳಲಿಲ್ಲ, ಕೇಳುವ ಬಾಯಿ ಅವಳಿಗಿರಲಿಲ್ಲ.

ಅವತ್ತಿನಿಂದ ಬಡಿತ ನಿಂತಿಲ್ಲ.

ನೆಲ ಒರೆಸುತ್ತ ಹಿಂದಿನ ಗೋಡೆ ಹತ್ತಿರ ಬಂದರೆ ಮೂರು. ಬಟ್ಟೆ ಒಗೆಯುವಾಗ ಮೂರು. ಬಕೀಟಿಗೆ ನಲ್ಲಿ ತೊಟ್ಟಿಕ್ಕಿದರೆ ಮೂರು ಹನಿಗೆ ನಿಂತುಬಿಡುತ್ತದೆ ಅನ್ನಿಸುತ್ತದೆ, ಅವಳು ನಾಲ್ಕನೆಯದಕ್ಕೆ ಕಾಯುತ್ತ ನಿಲ್ಲುತ್ತಾಳೆ. ಭಾನುವಾರದ ಮೌನದಲ್ಲಂತೂ ತಪ್ಪುವುದೇ ಇಲ್ಲ. ಅವಳೀಗ ಮತ್ತೆ ಚಪ್ಪಲಿ ಜಾಗದಲ್ಲೇ ಕೂರುವುದು, ಮುಂದೆ ಬಾ ಅಂತ ಆಮೇಲೆ ಯಾರೂ ಕರೆಯಲಿಲ್ಲ. ಜಮಖಾನದ ಮೇಲೆ ಅಂಗೈ ಊರಿ ಕೂರುತ್ತಾಳೆ. ಅಂಗೈಗೆ ತಾಗುತ್ತದೆ. ಮೂರು. ಮೂರು. ಬೇಗ ಬೇಗ ಮೂರು. ಒಂದು.

ಮೊದಮೊದಲು ತನಗೊಬ್ಬಳಿಗೇ ಕೇಳಿಸುವುದು ಅಂದುಕೊಂಡಿದ್ದಳು. ಆಮೇಲೆ ನೋಡತೊಡಗಿದಳು. ಮೌನದ ಹೊತ್ತಿನಲ್ಲಿ ಎಲ್ಲರ ಬೆನ್ನು ಅವಳ ಕಡೆಗೇ ಇರುತ್ತದಲ್ಲ. ಆರನೇ ನಿಮಿಷಕ್ಕೆ ಮೇಷ್ಟ್ರಮ್ಮನ ಭುಜ ಒಮ್ಮೆ ನಡುಗುತ್ತದೆ. ಡಾಕ್ಟರ್ ಬಂಧು ಎಂಜಲು ನುಂಗುತ್ತಾರೆ, ಕತ್ತಿನ ಹಿಂದೆ ತಿಳಿಯುತ್ತದೆ. ಮೇನೇಜರಿನ ಕಾಲ್ಬೆರಳು ಮಡಚಿಕೊಳ್ಳುತ್ತದೆ. ಇನ್ನೊಂದು. ಮುಂಚೆ ಮೌನಕ್ಕೆ ಫ್ಯಾನು ಆರಿಸುತ್ತಿದ್ದರು, ಸದ್ದಾಗುತ್ತೆ ಅಂತ. ಈಗ ಎಂಟು ಫ್ಯಾನನ್ನೂ ಜೋರಾಗಿ ಹಾಕಿಸುತ್ತಾರೆ. ಚಳಿಯಲ್ಲೂ. ಯಾಕೆ ಅಂತ ಯಾರೂ ಕೇಳಿಲ್ಲ.

ಗುರುವಾರದಿಂದ ಅವಳು ಆ ನಾಲ್ಕು ಸಾಲು ಬಾಯಿಪಾಠ ಮಾಡುತ್ತಿದ್ದಳು. ಕಕ್ಕಸು ತೊಳೆಯುತ್ತ, ಅಕ್ಷರ ಕೂಡಿಸಿಕೊಂಡು. ಮೊದಲ ಸಾಲು ಸರಿ. ಎರಡನೆಯದು ಸರಿ. ಮೂರನೆಯದಕ್ಕೆ ಬಂದಾಗಲೆಲ್ಲ ನಾಲಿಗೆ ತಡೆಯುತ್ತಿತ್ತು. 'ಅವರು ಯಾರನ್ನೂ ಕರೆಯಲಿಲ್ಲ.' ಶನಿವಾರ ಮಧ್ಯಾಹ್ನ, ಕೈಯಲ್ಲಿ ಬ್ರಷ್ಷು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾಗ ಅವಳಿಗೆ ಹೊಳೆಯಿತು. ಯಾರಿಗೂ ಕೇಳಿಸದೇ ಇದ್ದಿದ್ದರೆ ಈ ಸಾಲು ಯಾಕೆ ಬರೆದರು? ಕೇಳಿಸದವನಿಗೆ ಕೇಳಿಸಲಿಲ್ಲ ಅಂತ ಹೇಳಿಸಿಕೊಳ್ಳುವ ಗರಜು ಏನಿದೆ?

ಅವಳು ಬ್ರಷ್ಷನ್ನು ಬಕೀಟಿಗೆ ಎಸೆದು ಎದ್ದಳು.

ಅದೇ ಸಂಜೆ ದಿಂಬಿನ ಗವಸು ಒಣಹಾಕುತ್ತಿದ್ದಾಗ ಮೇಷ್ಟ್ರಮ್ಮ ಹಿತ್ತಲಿಗೆ ಬಂದರು. ಅವರು ಹಿತ್ತಲಿಗೆ ಬಂದವರೇ ಅಲ್ಲ. ಗುಂಡಿಯ ಮುಚ್ಚಳದಿಂದ ದೂರ ನಿಂತರು.

"ನಾಳೆ ಮಾತಾಡ್ತೀಯಂತೆ."

"ಹೂಂ ಮೇಡಂ. ಕೊಟ್ಟಿದ್ದು ಹೇಳ್ತೀನಿ."

"ಒಳ್ಳೇದು." ಹೋಗಲಿಲ್ಲ. ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದರು. "ನಿಂಗೆ... ಮೌನದಲ್ಲಿ... ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡ." ಕನ್ನಡಕ ಮತ್ತೆ ಹಾಕಿಕೊಂಡರು. "ಏನಿಲ್ಲ ಬಿಡಮ್ಮ. ಸರಿಯಾಗಿ ಊಟ ಮಾಡು" ಎಂದು ಹೊರಟುಬಿಟ್ಟರು.

ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಹೆಂಗಸಿಗೆ ಒಂದು ಪ್ರಶ್ನೆ ಪೂರ್ತಿ ಕೇಳಲಾಗಲಿಲ್ಲ. ಒರೆಸೋಳಿಗೆ ಮಾತ್ರ ಬೇಕಾದ ಉತ್ತರ ಸಿಕ್ಕಿತು.

ಭಾನುವಾರ ಅತ್ತೆಯನ್ನೂ ಕರೆದುಕೊಂಡು ಬಂದಳು. ಅತ್ತೆಗೆ ಮುಂದೆ ಕುರ್ಚಿ ಹಾಕಿಸಿದ್ದರು. ಅತ್ತೆ ಬೇಡ ಅಂದಳು, ಚಪ್ಪಲಿ ಜಾಗದಲ್ಲೇ ಗೋಡೆಗೊರಗಿ ಕೂತಳು. ಒರೆಸುವ ಬಟ್ಟೆಯಲ್ಲಿ ಸುತ್ತಿದ ಉದ್ದನೆಯದೊಂದನ್ನು ಸೊಸೆ ಅಲ್ಲೇ ಗೋಡೆಗೆ ಒರಗಿಸಿದಳು. ಯಾರೂ ಕೇಳಲಿಲ್ಲ. ಒರೆಸೋಳ ಸಾಮಾನನ್ನು ಯಾರು ನೋಡುತ್ತಾರೆ?

ಗುರುಗಳ ಮಾತು ಶುರುವಾಯಿತು. ದನಿ ಅವತ್ತು ಜೇನು.

"ಬಂಧುಗಳೇ, ನಂಬಿಕೆ ಅಂದರೇನು? ನಂಬಿಕೆ ಒಂದು ಹಗ್ಗ. ಗುಂಡಿಗೆ ಇಳಿದವನಿಗೆ ಮೇಲಿರುವವರು ಕಾಣಿಸೋದಿಲ್ಲ. ಆದರೂ ಇಳಿಯುತ್ತಾನೆ. ಯಾಕೆ? ಮೇಲೆ ಹಿಡಿದಿರುವ ಕೈ ಬಿಡೋದಿಲ್ಲ ಅನ್ನೋ ಭರವಸೆ. ನಮ್ಮ ನಡುವೆಯೇ ಇದ್ದ ಒಬ್ಬ ಸೇವಕ ಅದನ್ನು ಬದುಕಿ ತೋರಿಸಿದ. ಕೊನೆಯ ಉಸಿರಿನವರೆಗೂ ನಿಷ್ಠೆ. ದೂರು ಇಲ್ಲ, ಕೂಗು ಇಲ್ಲ. ಎಂಥಾ ಸಾವು!"

ಕೆಲವರು ಕಣ್ಣೊರೆಸಿಕೊಂಡರು. ಚಪ್ಪಲಿ ಜಾಗದಲ್ಲಿ ಅವಳು ಹಲ್ಲು ಕಚ್ಚಿದಳು. ಯಾವ ಕೈ? ಹಗ್ಗ ಹಿಡಿದಿದ್ದ ಕೈಯನ್ನು ಬಿಡಿಸಿ ಕರೆದುಕೊಂಡು ಹೋದವರು ಯಾರು?

"ಬಾ ತಾಯಿ" ಅಂದರು ಗುರುಗಳು. ಅದೇ ಎರಡು ಮಾತು, ಅದೇ ದನಿ.

ಅವಳು ಮುಂದೆ ಹೋಗಿ ನಿಂತಳು. ಮೇನೇಜರ್ ಪಕ್ಕದಲ್ಲಿ ತುಟಿಯಲ್ಲೇ ಮೊದಲ ಸಾಲು ಹೇಳಿಕೊಡುತ್ತಿದ್ದ. "ನಮ್ಮ ಯಜಮಾನರು ಸೇವೆ ಮಾಡುತ್ತಲೇ ದೇಹ ಬಿಟ್ಟರು" ಅಂದಳು. ಎಲ್ಲರೂ ತಲೆದೂಗಿದರು. "ಅವರಿಗೆ..." ಅಂದಳು. ನಿಂತಳು. ಹಿಂದಿನ ರೂಮು, ಅದರ ಸೂರು, ಮಂಜುಗಣ್ಣಿನ ಮುದುಕಿಯನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಅನ್ನುವುದು, ಎಲ್ಲ ಒಟ್ಟಿಗೆ ನೆನಪಾಯಿತು.

"ಹೇಳು, ಹೇಳು" ಅಂದ ಮೇನೇಜರ್.

"ಮೊದಲು ಮೌನ ಮಾಡೋಣ ಗುರುಗಳೇ" ಅಂದಳು. "ಉಳಿದಿದ್ದು ಆಮೇಲೆ ಹೇಳ್ತೀನಿ. ಫ್ಯಾನ್ ಆರಿಸಿ."

"ಫ್ಯಾನ್ ಇರ್ಲಿ ಬಿಡು" ಅಂದ ಮೇನೇಜರ್, ತಟ್ಟನೆ.

"ಆರಿಸಿ ಸಾರ್. ಅವರಿದ್ದಾಗ ಆರಿಸ್ತಿದ್ರಿ."

ಅಷ್ಟು ಜನರೆದುರು ಗುರುಗಳು ಬೇಡ ಅನ್ನುವುದು ಹೇಗೆ? ಕೈ ಸನ್ನೆ ಮಾಡಿದರು. ಫ್ಯಾನುಗಳು ಒಂದೊಂದಾಗಿ ನಿಂತವು. ಗಂಟೆ ಹೊಡೆಯಿತು. ಕಣ್ಣುಗಳು ಮುಚ್ಚಿದವು.

ಅವಳು ನಡೆದುಕೊಂಡು ಹಿಂದೆ ಬಂದಳು. ಸ್ಟ್ಯಾಂಡಿಗೆ ಭುಜ ಕೊಟ್ಟು ದೂಡಿದಳು. ಎಂಟು ವರ್ಷ, ಅದರ ಮೇಲೊಂದು ವರ್ಷ, ಜೋಡಿ ಮಾಡಿ ಇಟ್ಟ ಕೈ. ಚಪ್ಪಲಿ, ಬೂಟುಗಳು ಧಡಧಡ ಉರುಳಿ ನೆಲದ ತುಂಬ ಚೆಲ್ಲಾಪಿಲ್ಲಿಯಾದವು. ಯಾರೂ ಕಣ್ಣು ತೆರೆಯಲಿಲ್ಲ. ನಿಷ್ಠೆ ನೋಡಿ! ಜಮಖಾನ ಸರಿಸಿದಳು. ಬಟ್ಟೆ ಬಿಚ್ಚಿ ಸಲಾಕೆ ಕೈಗೆ ತೆಗೆದುಕೊಂಡಳು. ಎರಡೂ ಕೈಯಲ್ಲಿ ಎತ್ತಿ ಮುಚ್ಚಳಕ್ಕೆ ಬಡಿದಳು.

ಮೂರು.

ಒಂದು ವರ್ಷ ಬೆನ್ನು ನೋಡಿದ್ದಳಲ್ಲ. ಈಗ ನೂರಿಪ್ಪತ್ತು ಬೆನ್ನೂ ಒಟ್ಟಿಗೆ ಸೆಟೆದವು.

ಮತ್ತೆ ಮೂರು.

"ನಿಲ್ಲಿಸೇ!" ಮೇನೇಜರ್ ಎದ್ದು ಓಡಿಬಂದ, ಚಪ್ಪಲಿ ರಾಶಿಯಲ್ಲಿ ಎಡವಿ ಮಂಡಿಯೂರಿ ಬಿದ್ದ. ಗುರುಗಳು ಕಣ್ಣು ಮುಚ್ಚಿಕೊಂಡೇ, "ಯಾರದು? ಏನದು ಸದ್ದು?" ಅಂದರು.

"ಗೊತ್ತಿಲ್ಲದವರ ಥರ ಕೇಳಬೇಡಿ!" ಮುಂದಿನ ಸಾಲಿನಲ್ಲಿ ಮೇಷ್ಟ್ರಮ್ಮ ಎದ್ದು ನಿಂತಿದ್ದರು. ದನಿ ಒಡೆದಿತ್ತು. "ಅವತ್ತು ಕೇಳಿಸಿದ್ದು ಇದೇ. ನನಗೂ ಕೇಳಿಸ್ತು, ನಿಮಗೂ ಕೇಳಿಸ್ತು. ನಾನು ಎಣಿಸಿದೀನಿ ಗುರುಗಳೇ. ಕೂತ್ಕೊಂಡು ಎಣಿಸಿದೀನಿ."

ಅಷ್ಟರಲ್ಲಿ ಅತ್ತೆ ಎದ್ದಳು. ಗೋಡೆ ಹಿಡಿದು ಎದ್ದವಳು ಗೋಡೆ ಬಿಟ್ಟಳು. ಮೂವತ್ತು ವರ್ಷದ ಕೈ ತಾನಾಗಿ ಮುಂದೆ ಬಂತು. ಗಾಳಿಯಲ್ಲಿ ತಡಕಾಡಿತು.

"ಮೂರು ಬಡೀತು! ಎಳೀರೋ! ಕೇಳಿಸಲ್ವೇನ್ರೋ, ಮೂರು ಬಡೀತು! ಹಗ್ಗ ಎಲ್ಲಿ? ಹಗ್ಗ ಕೊಡೇ ನನ್ನ ಕೈಗೆ!"

ಜಮಖಾನದ ಅಂಚು ಸಿಕ್ಕಿತು. ಮುದುಕಿ ಅದನ್ನೇ ಹಿಡಿದು, ಕಾಲು ಊರಿ, ಬೆನ್ನು ಬಗ್ಗಿಸಿ ಎಳೆದಳು. ಎಳೆದಳು. ಉಸಿರು ಹತ್ತುವ ತನಕ ಎಳೆದಳು. ಯಾರೂ ತಡೆಯಲಿಲ್ಲ. ಹಗುರವಾಗಿ ಬಂತು ಅಂತ ಗೊತ್ತಾದಾಗ ನಿಂತಳು. ಕೈಯಲ್ಲಿದ್ದದ್ದು ಏನು ಅಂತ ಮುಟ್ಟಿ ನೋಡಿದಳು. ಆಮೇಲೆ ಮುಖ ಸೊಸೆಯ ಕಡೆ ತಿರುಗಿತು.

"ಅವತ್ತು ಬಡಿದ್ನಾ?"

"ಬಡಿದ್ರು ಅತ್ತೆ."

"ನೀನೆಲ್ಲಿದ್ದೆ?"

ಕಾಗದದಲ್ಲಿ ಇಲ್ಲದ ಮಾತು. ಯಾರೂ ಬರೆದುಕೊಡದ ಮಾತು. ಅವಳು ಗಟ್ಟಿಯಾಗಿ, ಕೊನೆಯ ಸಾಲಿಗೂ ಮೊದಲ ಸಾಲಿಗೂ ಕೇಳುವ ಹಾಗೆ ಹೇಳಿದಳು.

"ಇಲ್ಲೇ. ಮುಂದಿನ ಸಾಲಲ್ಲಿ, ಇವರ ಜೊತೆ ಕೂತಿದ್ದೆ. ನನಗೂ ಕೇಳಿಸ್ತು. ನಾನೂ ಏಳಲಿಲ್ಲ."

ಅತ್ತೆ ಸೊಸೆಯ ಕೆನ್ನೆಗೆ ಒಂದು ಬಿಟ್ಟಳು. ಆ ಸದ್ದೂ ಎಲ್ಲರಿಗೂ ಕೇಳಿಸಿತು. ಆಮೇಲೆ ಅದೇ ಕೈಯಿಂದ ಸೊಸೆಯ ಕೈ ತಡಕಿ, ಸಲಾಕೆಯನ್ನು ಅವಳ ಜೊತೆಗೇ ಹಿಡಿದುಕೊಂಡಳು. "ತೆಗಿ" ಅಂದಳು. "ಆ ಮುಚ್ಚಳ ತೆಗಿ."

ಇಬ್ಬರೂ ಸೇರಿ ಸಲಾಕೆಯ ಮೊನೆಯನ್ನು ಅಂಚಿಗೆ ಕೊಟ್ಟು ಮೀಟಿದರು. ಮುಚ್ಚಳ ಕಿರುಗುಟ್ಟಿ ಎದ್ದಿತು. ಅರ್ಧ ದಿನ ತೆರೆದಿರಬೇಕಿದ್ದ ಮುಚ್ಚಳ ಒಂದು ವರ್ಷ ತಡವಾಗಿ ತೆರೆಯಿತು. ನಾತ ಭವನದ ಸೂರಿನ ತನಕ ಏರಿತು. ಬಂಧುಗಳು ಎದ್ದರು, ಗಂಟೆ ಹೊಡೆಯದೆಯೇ ಎದ್ದರು. ಮೂಗು ಹಿಡಿದು, ಒಬ್ಬರನ್ನೊಬ್ಬರು ತಳ್ಳುತ್ತ ಪಕ್ಕದ ಬಾಗಿಲಿಗೆ ನುಗ್ಗಿದರು. ಚಪ್ಪಲಿ ತೆಗೆದುಕೊಳ್ಳಲು ಆ ಬಾಯ್ದೆರೆದ ಗುಂಡಿಯ ಹತ್ತಿರ ಬರಬೇಕಿತ್ತು, ಅಲ್ಲಿ ಇಬ್ಬರು ಹೆಂಗಸರು ಸಲಾಕೆ ಹಿಡಿದು ನಿಂತಿದ್ದರು. ಯಾರೂ ಬರಲಿಲ್ಲ. ಡಾಕ್ಟರ್ ಬಂಧು, ಅಂಗಡಿ ಬಂಧು, ಗುರುಗಳು, ಎಲ್ಲರೂ ಸುಡುವ ಬೀದಿಯಲ್ಲಿ ಬರಿಗಾಲಲ್ಲಿ ನಡೆದುಹೋದರು.

ಮೇಷ್ಟ್ರಮ್ಮ ಮಾತ್ರ ಕೂತಲ್ಲೇ ಕೂತಿದ್ದರು.

ಅವಳು ಹೋಗಿ ಮೊದಲ ಸಾಲಿನಿಂದ ಒಂದು ದಿಂಬು ತಂದಳು. ಹಲ್ಲಿನಿಂದ ಹೊಲಿಗೆ ಕಡಿದು ಹರಿದಳು. ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಒಳಗೆ ಬಗ್ಗಿದಳು.

"ಹತ್ತಿ ಕಣ್ರೀ" ಅಂದಳು. "ಹುಲ್ಲಲ್ಲ. ಹತ್ತಿ."

ಒಳಗಿನಿಂದ ಏನೂ ಕೇಳಿಸಲಿಲ್ಲ. ಅವಳು ಕಾದಳು. ಆಮೇಲೆ ಎದ್ದು, ಅತ್ತೆಯ ಕೈ ಹಿಡಿದುಕೊಂಡು, ಹಿಂದಿನ ರೂಮಿನಿಂದ ಸಾಮಾನು ತೆಗೆಯಲು ಹೋದಳು. ಮುಚ್ಚಳವನ್ನು ಹಾಗೇ ತೆರೆದಿಟ್ಟಳು.